ಮರ್ಲ್‌ನ ಎಡಗೈ ರೈಫಲ್

ಜೂನ್ 6, 1994, ಸೋಮವಾರ

ಕೆಲಸ: ಎಡಗೈಯವರ ಬೋಲ್ಟ್ ರೈಫಲ್. ತೋಟಾ: 25 ಹಾಗೆನ್. ಯಾರಿಗೆ: ಮರ್ಲ್ ಟೊಫ್ಟ್. ಮಾಡಿಕೊಡು ಎಂದು ಕೇಳಿದವರು: ಯಾರೂ ಇಲ್ಲ.

ಪ್ರತಿ ರೈಫಲ್ಲಿಗೂ ಒಂದು ಪುಸ್ತಕ ಇಡು, ನಾಳೆ ನೀನು ಸತ್ತರೂ ಇನ್ನೊಬ್ಬ ಓದಿಕೊಂಡು ಕೆಲಸ ಮುಗಿಸುವ ಹಾಗೆ ಬರೆ ಎಂದು ನನಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ. ಆ ಇನ್ನೊಬ್ಬನಿಗೆ ತಿಳಿಯಲಿ: 25 ಹಾಗೆನ್ ಅಂಗಡಿಯಲ್ಲಿ ಸಿಗುವ ತೋಟಾ ಅಲ್ಲ. ಕಾರ್ಖಾನೆಯಲ್ಲಿ ಹುಟ್ಟದೆ ಯಾರದೋ ಶೆಡ್ಡಿನಲ್ಲಿ ಹುಟ್ಟಿದ ಇಂಥವನ್ನು ಇಲ್ಲಿ ಮೊಂಟಾನಾದಲ್ಲಿ ಎಲ್ಲರೂ ಕಾಡುಬೆಕ್ಕು ಎನ್ನುತ್ತಾರೆ. ಮುಂದಿನ 25 ಗುಂಡಿನ ಅಗಲ; ಹುಟ್ಟಿಸಿದವನ ಹೆಸರೇ ಅದರ ಹೆಸರು. ಇದು ನನ್ನದು. ದೊಡ್ಡ ತೋಟಾದ ಖಾಲಿ ಹಿತ್ತಾಳೆಯನ್ನು ಅಚ್ಚಿನಲ್ಲಿ ಒತ್ತಿ, ಅದರ ಕತ್ತನ್ನು ಸಣ್ಣ ಗುಂಡಿಗೆ ಹೊಂದುವಷ್ಟು ಕಿರಿದು ಮಾಡುತ್ತೇನೆ. ಒತ್ತಿದಾಗ ಕತ್ತಿನ ಹಿತ್ತಾಳೆ ದಪ್ಪವಾಗುತ್ತದೆ. ಅದನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಹೆರೆದು ತೆಳ್ಳಗೆ ಮಾಡಬೇಕು. ಹೆರೆಯದ ಕತ್ತು ಗುಂಡನ್ನು ಬಿಟ್ಟುಕೊಡುವುದಿಲ್ಲ, ಒತ್ತಡವೆಲ್ಲ ಹಿಂದಕ್ಕೆ ನುಗ್ಗುತ್ತದೆ.

ಮರ್ಲ್ ಹುಟ್ಟಾ ಬಲಗೈಯವನು. ಕಳೆದ ಅಕ್ಟೋಬರ್ ಎರಡರಂದು, ಚಿಗರೆ ಬೇಟೆ ಶುರುವಾಗಲು ವಾರ ಇರುವಾಗ, ಬೇಟೆಗಾರರ ಕ್ಲಬ್ಬಿನ ಗುರಿ ಮೈದಾನದಲ್ಲಿ ನಾನೇ ಮಾಡಿಕೊಟ್ಟ 25 ಹಾಗೆನ್ ಅವನ ಮುಖಕ್ಕೆ ಸಿಡಿಯಿತು. ಕನ್ನಡಕ ಹಾಕಿದ್ದ; ಉಕ್ಕಿನ ಚೂರು ಅದರ ಪಕ್ಕದಿಂದ ನುಗ್ಗಿತು. ಬಲಗಣ್ಣು ಹೋಯಿತು. ಅವತ್ತು ಗಾಳಿ ಜೋರಾಗಿತ್ತು. ಅವನು ಮೈದಾನದಲ್ಲೇ ಮೇಜಿನ ಮುಂದೆ ಕೂತು ಒಂದೊಂದೇ ತೋಟಾಗೆ ಮದ್ದು ತೂಗಿ, ತುಂಬಿ, ಹೊಡೆದು ನೋಡುತ್ತಿದ್ದ. ಗಾಳಿಗೆ ತಕ್ಕಡಿ ಆಡಿತು, ಮದ್ದು ಹೆಚ್ಚಾಯಿತು ಎಂದು ಎಲ್ಲರೂ ಹೇಳಿದರು. ಅವನೂ ಅದನ್ನೇ ಹೇಳುತ್ತಾನೆ. ನಾನು ಬೇರೆ ಏನೂ ಹೇಳಿಲ್ಲ.

ಇನ್ನು ಅವನು ಹೊಡೆಯುವುದಾದರೆ ಎಡಗಣ್ಣಿನಿಂದ, ಎಡ ಭುಜದಿಂದ. ಹಾಗಾಗಿ ಈ ರೈಫಲ್.

ಜೂನ್ 11

ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಅಗುಳಿ, ಅಂದರೆ ಬೋಲ್ಟ್, ಎಡಕ್ಕಿರುವ ಉಕ್ಕಿನ ದೇಹ ಪಾರ್ಸಲ್ಲಿನಲ್ಲಿ ಬಂತು. ಬೋಲ್ಟ್ ಎಳೆದು ನೋಡಲು ಹೋದರೆ ಬಲಗೈ ತಾನಾಗಿ ಹೋಗಿ ಗಾಳಿಯನ್ನು ಹಿಡಿಯಿತು. ಮೂರು ಸಲ ಹಾಗೇ ಆಯಿತು. ನಲವತ್ತೈದು ವರ್ಷದ ಅಭ್ಯಾಸ. ಮರ್ಲ್‌ನದೂ ಅಷ್ಟೇ ವರ್ಷದ್ದು.

ಜೂನ್ 18, ಶನಿವಾರ

ಮರ್ಲ್ ಬಂದಿದ್ದ. ಪಿಕಪ್ಪಿನ ಸದ್ದು ಕೇಳಿ, ಮಾಡುತ್ತಿದ್ದುದರ ಮೇಲೆ ಎಣ್ಣೆ ಬಟ್ಟೆ ಎಸೆದೆ. ಒಳಗೆ ಬರುವಾಗ ಚೌಕಟ್ಟಿಗೆ ಬಲ ಭುಜ ಬಡಿಸಿಕೊಂಡ. ಅವನ ಮಟ್ಟಿಗೆ ಬಲಗಡೆ ಅನ್ನುವುದೇ ಈಗ ಇಲ್ಲ.

“ಕಾಫಿ ಇದ್ಯೇನೋ, ಇಲ್ಲ ಇಂಜಿನ್ ಆಯಿಲ್ಲೇ ಕುಡಿಸ್ತೀಯೋ?”

“ಎರಡೂ ಒಂದೇ ಡಬ್ಬೀಲಿದೆ. ಸುಮ್ನೆ ಕುಡಿ.”

ಕುಡಿದ. ಗೋಡೆಯ ಕಡೆ ಇರುವ ತೋಟಾ ತುಂಬುವ ಮೇಜನ್ನು ಒಮ್ಮೆಯೂ ನೋಡಲಿಲ್ಲ. ಮೊದಲಾದರೆ ಬಂದವನೇ ಅಲ್ಲಿ ಕೈಯಾಡಿಸಿ ನನ್ನಿಂದ ಬೈಸಿಕೊಳ್ಳುತ್ತಿದ್ದ. ಲೋಟ ಕೆಳಗಿಟ್ಟು ಹೇಳಿದ:

“ಎಂಟು ತಿಂಗಳಿಂದ ಒಂದು ಮಾತು ಹೇಳ್ಬೇಕು ಅಂದ್ಕೋತಾನೇ ಇದೀನಿ ಕಣೋ ಲೈಲ್. ನಿನ್ನ ರೈಫಲ್ ಹಾಳು ಮಾಡ್ಬಿಟ್ಟೆ. ನಿನ್ನ ತೋಟಾದ ಹೆಸರೂ ಕೆಡಿಸ್ದೆ. ಈಗ 25 ಹಾಗೆನ್ ಬೇಕು ಅಂತ ಒಬ್ಬನೂ ಬರಲ್ಲ, ಗೊತ್ತು ನಂಗೆ. ತಪ್ಪಾಯ್ತು.”

“ಬಿಡೋ ಅದನ್ನೆಲ್ಲ.”

“ಬಿಡೋ ಮಾತಲ್ಲ. ಇಪ್ಪತ್ತೆರಡು ವರ್ಷ ಊರ ಮಕ್ಕಳ ಮುಂದೆ ನಿಂತು ಪಾಠ ಹೇಳ್ದೆ. ಗಾಳೀಲಿ ಮದ್ದು ತೂಗ್ಬೇಡಿ ಅಂತ ಹೇಳ್ತಿದ್ದೋನು ನಾನೇ. ಕೊನೆಗೆ ತೂಗಿದ್ದೂ ನಾನೇ.”

ಬೇಟೆಯ ಪರವಾನಗಿಗೆ ಮಕ್ಕಳು ಪಾಸಾಗಬೇಕಾದ ಸುರಕ್ಷತೆಯ ತರಗತಿಯನ್ನು ಅವನು ನವೆಂಬರಿನಲ್ಲಿ ಬಿಟ್ಟುಕೊಟ್ಟ. ಈ ಊರಿನಲ್ಲಿ ಮೂವತ್ತೈದರ ಒಳಗಿನ ಬೇಟೆಗಾರರೆಲ್ಲ ಅವನ ಶಿಷ್ಯರೇ. ತೋಟಾ ತುಂಬುವ ಸಾಮಾನನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದಾನೆ.

“ಕೈ ಮೇಲೆ ನಂಬಿಕೆ ಹೋಗ್ಬಿಡ್ತು,” ಎಂದ. “ಒಲೆ ಆರಿಸು ಅಂತ ನಡೀನ್ ಹೇಳಿದ್ರೆ ಮೂರು ಸಲ ವಾಪಸ್ ಹೋಗಿ ನೋಡ್ತೀನಿ.”

ನಡೀನ್ ಅವನ ಹೆಂಡತಿ. ನಾನು ಅವನಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ಜೂನ್ 19

ಲೇತ್ ಮುಟ್ಟಲಿಲ್ಲ. ತಪ್ಪಾಯಿತು ಅಂದನಲ್ಲ, ಅವನು, ನನಗೆ.

ಜೂನ್ 29, ಬುಧವಾರ

ನಳಿಗೆಯನ್ನು ಲೇತಿಗೆ ಕಟ್ಟಿ, ತಿರುಗುವಾಗ ಓಲಾಡುತ್ತದೆಯೇ ಎಂದು ನೋಡುತ್ತಿದ್ದೆ. ಅರ್ಧ ಕೂದಲೆಳೆಯಷ್ಟೂ ಅಲುಗಬಾರದು. ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷ ಬಾಯ್ಡ್ ಬಂದ. ಮರ್ಲ್ ಬಿಟ್ಟ ತರಗತಿಯನ್ನು ಈಗ ಅವನೇ ನಡೆಸುವುದು. ಪಾಠಕ್ಕಿಂತ ಅವನ ಸ್ವಂತ ಪ್ರತಾಪವೇ ಹೆಚ್ಚು ಎಂದು ಮಕ್ಕಳ ತಾಯಂದಿರು ಹೇಳುತ್ತಾರೆ.

“ಯಾರಿಗಪ್ಪಾ ಎಡಗೈ? ಓಹೋ, ಅವನಿಗಾ! ಇನ್ನೊಂದು ಕಣ್ಣೂ ತೆಗೀಬೇಕು ಅಂತಿದ್ದೀಯಾ?”

“ಬಂದ ಕೆಲ್ಸ ಹೇಳು ಬಾಯ್ಡ್.”

“ಆ ಸಿಡಿದ ಬೋಲ್ಟ್ ನಿನ್ ಹತ್ರಾನೇ ಇದ್ರೆ ಕೊಡು. ಮಕ್ಕಳಿಗೆ ತೋರ್ಸೋಕೆ. ಬಾಯಲ್ಲಿ ಎಷ್ಟು ಹೇಳಿದ್ರೂ ಇವುಕ್ಕೆ ನಾಟಲ್ಲ. ಈ ಸಲ ಶುರು ಮಾಡೋದೇ ಅಲ್ಲಿಂದ: ಮರ್ಲ್ ಟೊಫ್ಟ್ ಮಾಡಿದ ಹಾಗೆ ಮಾಡ್ಬೇಡಿ!” ಎಂದು ನಕ್ಕ. ಮತ್ತೆ ಏನೋ ನೆನಪಾದವನಂತೆ, “ಮೊದ್ಲು ನಂಗೆ ನಿನ್ ಹಿತ್ತಾಳೆ ಮೇಲೇ ಅನುಮಾನ ಇತ್ತು ನೋಡು. ಮಾರನೇ ದಿನ ನೀನೇ ಡಬ್ಬಿ ತಂದ್ಕೊಟ್ಯಲ್ಲ, ಉಳಿದಿದ್ದ ಹತ್ತೊಂಬತ್ತೂ ಅಳೆದೆ. ಒಂದೊಂದೂ ಮುತ್ತಿನ ಹಾಗಿತ್ತು,” ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅಷ್ಟು ದಡ್ಡನಲ್ಲ. ಕೈ ಎರಡನ್ನೂ ಲೇತಿನ ಮೇಲೆಯೇ ಇಟ್ಟುಕೊಂಡು ಹ್ಞೂಂ ಎಂದೆ. ಬೋಲ್ಟ್ ಎಲ್ಲೋ ಕಳೆದುಹೋಯಿತು ಎಂದೆ. ಅದು ಅವನು ಕೂತಿದ್ದ ಸ್ಟೂಲಿನ ಪಕ್ಕದ ಖಾನೆಯಲ್ಲೇ ಇತ್ತು.

ಜುಲೈ 5, ಮಂಗಳವಾರ

ನಿನ್ನೆ ಸ್ವಾತಂತ್ರ್ಯದ ದಿನ. ಊರಿನವರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು. ಮಕ್ಕಳು ಪಟಾಕಿ ಹಚ್ಚಿದಾಗ ಮರ್ಲ್‌ನ ತಟ್ಟೆ ಕೈಯಿಂದ ಬಿತ್ತು. ಎಲ್ಲರೂ ನೋಡದಂತೆ ನೋಡಿದರು. ಅವನು ಹುಲ್ಲಿನಿಂದ ಆಲೂಗಡ್ಡೆ ಆಯ್ದು ಹಾಕಿ, ನಾಯಿಯನ್ನು ಓಡಾಡಿಸಿಕೊಂಡು ಬರುತ್ತೇನೆ ಎಂದು ಹೋದ.

ನಡೀನ್ ನನ್ನ ಪಕ್ಕ ಬಂದು ಕೂತಳು. ಸ್ಕೂಲಿನಲ್ಲಿ ನನಗಿಂತ ಒಂದು ಕ್ಲಾಸು ಕೆಳಗಿದ್ದವಳು, ಹರಟೆ ಕಡಿಮೆ.

“ಲೈಲ್, ನಾನು ನಿಂಗೆ ಸರಿಯಾಗಿ ಹೇಳೇ ಇಲ್ಲ. ಅವತ್ತು ಆಸ್ಪತ್ರೇಲಿ ಬೆಳಗಾಗೋ ತನಕ ಪಕ್ಕದಲ್ಲಿ ಕೂತಿದ್ದೆ ನೀನು. ಒಡಹುಟ್ಟಿದ ತಮ್ಮನೂ ನಂಗೆ ಹಾಗೆ ಕೂರ್ಲಿಲ್ಲ.”

“ಅದೇನು ದೊಡ್ಡ ವಿಷಯ.”

“ದೊಡ್ಡದೇ. ಮರ್ಲ್ ಈಗ ಯಾರನ್ನೂ ಮನೆಗೆ ಕರೆಯಲ್ಲ. ನಿನ್ನ ಶೆಡ್ಡಿಗೆ ಮಾತ್ರ ಬರ್ತಾನೆ. ಕೈ ಬಿಡಬೇಡ ಅವನನ್ನ.” ನನ್ನ ತಟ್ಟೆಗೆ ಒಂದು ತುಂಡು ಹಣ್ಣಿನ ಪೈ ಇಟ್ಟಳು. ಅವಳೇ ಮಾಡಿದ್ದು. ತಟ್ಟೆಯಲ್ಲೇ ಬಿಟ್ಟೆ.

ಈ ಪುಸ್ತಕ ಇನ್ನೊಬ್ಬ ಓದುವ ಹಾಗೆ ಇರಬೇಕಾದರೆ ಇದನ್ನೂ ಬರೆಯಬೇಕು. ಮರ್ಲ್‌ಗೆ ಅರವತ್ತು ಹಿತ್ತಾಳೆ ಮಾಡಿಕೊಡುತ್ತೇನೆ ಎಂದಿದ್ದೆ, ಇಪ್ಪತ್ತರ ಮೂರು ಡಬ್ಬಿ. ಹೋದ ಸೆಪ್ಟೆಂಬರಿನ ಒಂದು ಶುಕ್ರವಾರ ಸಂಜೆಗೆ ಎರಡು ಡಬ್ಬಿಯ ಕತ್ತು ಹೆರೆದಿದ್ದೆ. ಹೈಸ್ಕೂಲಿನ ಫುಟ್‌ಬಾಲ್ ಪಂದ್ಯ ಏಳಕ್ಕೆ ಇತ್ತು. ಮೂರನೆಯದನ್ನು ನಾಳೆ ಹೆರೆದರಾಯಿತು ಎಂದು ಮುಚ್ಚಳ ಹಾಕಿಟ್ಟು ಪಂದ್ಯಕ್ಕೆ ಹೋದೆ. ನಮ್ಮವರು ಸೋತರು. ಬೆಳಿಗ್ಗೆ ಮರ್ಲ್ ಬಂದ. ಪಂದ್ಯದ ಮಾತು ಆಡುತ್ತಾ ಆಡುತ್ತಾ ಮೂರೂ ಡಬ್ಬಿ ಅವನ ಕೈಗೆ ಕೊಟ್ಟೆ. ಒಂದು ವಾರದ ಮೇಲೆ ಅವನು ಮೂರನೆಯದನ್ನು ತೆರೆದ.

ಜುಲೈ 6

ನಿನ್ನೆಯ ಪುಟ ಹರಿದು ಹಾಕೋಣ ಎನಿಸಿತು. ಪುಟಗಳಿಗೆ ನಂಬರು ಇದೆ, ಗೊತ್ತಾಗುತ್ತದೆ. ಮರೆವು ಯಾರಿಗಿಲ್ಲ? ಬೇಕೆಂದು ಮಾಡಿದ್ದಲ್ಲ. ನನಗೆ ಗೊತ್ತಾದದ್ದೂ ಬಹಳ ಆಮೇಲೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು, ಹೇಳಿ ಏನು ಉಪಯೋಗ? ಹೋದ ಕಣ್ಣು ಬರುವುದಿಲ್ಲ.

ತೋಟಾ ಕೂರುವ ಗೂಡು ಕೊರೆದೆ. ನುಣುಪಾಗಿ ಬಂದಿದೆ.

ಜುಲೈ 23, ಶನಿವಾರ

ಮರದ ಹಿಡಿಯನ್ನು ಅವನ ಭುಜಕ್ಕೆ ಅಳತೆ ನೋಡದೆ ಕೆತ್ತಲಾಗುವುದಿಲ್ಲ. ಆದ್ದರಿಂದ ಇವತ್ತು ಕರೆಸಿ ತೋರಿಸಿದೆ. ಅವನು ಮೇಜಿಗೆ ಒಂದು ಸುತ್ತು ಬಂದು ನೋಡಿದ. ನಂತರ ಬೋಲ್ಟನ್ನು ಎಡಗೈಯಿಂದ ಎಳೆದ, ತಳ್ಳಿದ, ಮತ್ತೆ ಎಳೆದ.

“ನಂಗಾ ಇದು?”

“ಅಲ್ಲ, ನಿಮ್ಮಜ್ಜಿಗೆ. ಭುಜಕ್ಕಿಡು, ಅಳತೆ ಗುರುತು ಹಾಕ್ಬೇಕು.”

ಎಡ ಭುಜಕ್ಕೆ ಇಟ್ಟ. ಕೆನ್ನೆ ಎಲ್ಲಿ ಕೂರಬೇಕೆಂದು ಗೊತ್ತಾಗದೆ ಕತ್ತು ಆ ಕಡೆ ಈ ಕಡೆ ತಿರುಗಿಸಿದ. ನಾನು ತಲೆ ಹಿಡಿದು ಸರಿ ಮಾಡಿದೆ. ಅಷ್ಟು ಹತ್ತಿರದಿಂದ ಆ ಗಾಜಿನ ಕಣ್ಣನ್ನು ನಾನು ಈವರೆಗೆ ನೋಡಿರಲಿಲ್ಲ. ಅದು ಅವನ ಕಣ್ಣಿಗಿಂತ ಸ್ವಲ್ಪ ತಿಳಿ ನೀಲಿ.

ಬೋಲ್ಟ್ ಮುಚ್ಚುತ್ತಾ ಹೇಳಿದ, “ಬೆಣ್ಣೆ ಹಾಗೆ ಹೋಗುತ್ತೆ. ಅವತ್ತು ಬಿಗಿ ಬಂತು ಗೊತ್ತಾ?”

“ಏನು?”

“ಆ ತೋಟಾ. ಬೋಲ್ಟ್ ಮುಚ್ಚೋವಾಗ ಬಿಗಿ ಬಂತು. ಮಕ್ಕಳಿಗೆ ನಾನು ಹೇಳೋ ಮೊದಲ್ನೇ ಮಾತೇ ಅದು, ಬಿಗಿ ಬಂದ್ರೆ ನಿಲ್ಸು ಅಂತ. ಆದ್ರೆ ಲೈಲ್ ಮಾಡಿದ್ದು, ಇವನ ಕೆಲ್ಸದಲ್ಲಿ ಎಂಥ ತಪ್ಪು ಬರುತ್ತೆ, ಹೊಸ ರೈಫಲ್ ಅಲ್ವಾ ಅಂತ ಒತ್ಬಿಟ್ಟೆ. ಅದನ್ನ ಯಾರಿಗೂ ಹೇಳಿಲ್ಲ ನಾನು. ಹೇಳಿದ್ರೆ ನಿನ್ ಕೆಲ್ಸದ ಮೇಲೆ ಮಾತು ಬರ್ತಿತ್ತು. ಮದ್ದು ಹೆಚ್ಚಾಗಿದ್ದು ನನ್ನ ತಪ್ಪು, ಅದಕ್ಕೆ ನಿನ್ನನ್ಯಾಕೆ ಎಳೀಲಿ?”

ಆಗ ನಾನು ಏನು ಮಾಡಿದೆ ಎಂದರೆ, ಬರೆಯಲೂ ಅಸಹ್ಯ, ಅವನಿಗೆ ಒಂದು ಉಡುಗೊರೆ ಕೊಟ್ಟೆ.

“ಈ ನಳಿಗೆ ಮೇಲೆ 25 ಟೊಫ್ಟ್ ಅಂತ ಕೊರೀತೀನಿ,” ಎಂದೆ. “ಇನ್ಮೇಲೆ ಈ ತೋಟಾಗೆ ನಿನ್ ಹೆಸರೇ ಇರ್ಲಿ.”

ಅವನ ಒಂದು ಕಣ್ಣು ತುಂಬಿತು. “ಬೇಡ ಕಣೋ. ರೈಫಲ್ ಸಿಡಿಸ್ದೋನ ಹೆಸರು ಯಾರಾದ್ರೂ ಇಡ್ತಾರಾ? ಹುಟ್ಟಿಸ್ದೋನು ನೀನು. ನಿಂದೇ ಇರ್ಲಿ,” ಎಂದ. ಬೂಟಿಗೆ ಕಣ್ಣು ನೆಟ್ಟು, “ಆದ್ರೂ ಅಂದ್ಯಲ್ಲ, ಅದೇ ಸಾಕು,” ಎಂದ.

ನಾಚಿಕೆಗೆ ಇಷ್ಟು ಭಾರವಿದೆ ಎಂದು ನನಗೆ ಗೊತ್ತಿರಲಿಲ್ಲ.

ಜುಲೈ 24, ಭಾನುವಾರ

ಜುಲೈ ಆರರಂದು ಬರೆದದ್ದು ಸುಳ್ಳು. ಗೊತ್ತಾದದ್ದು ಆಮೇಲೆ ಅಲ್ಲ.

ಅಕ್ಟೋಬರ್ ಎರಡು. ಒಂದು ಗಂಟೆಗೆ ಸಿಡಿಯಿತು. ಮೊದಲು ಓಡಿದವನು ನಾನೇ. ಅಂಗಿ ಹರಿದು ಮುಖಕ್ಕೆ ಒತ್ತಿ ಹಿಡಿದವನೂ ನಾನೇ. ಆಂಬುಲೆನ್ಸ್ ಬಂದು ಅವನನ್ನು ಎತ್ತಿಕೊಂಡಿತು, ಸುದ್ದಿ ಕೇಳಿ ಓಡಿಬಂದಿದ್ದ ನಡೀನ್ ಜೊತೆಗೆ ಹತ್ತಿದಳು, ಹಿಂದೆಯೇ ಬರುತ್ತೇನೆ ಎಂದೆ. ಮೇಜಿನ ಮೇಲೆ ಮೂರನೆಯ ಡಬ್ಬಿ ತೆರೆದಿತ್ತು, ಒಂದು ಕುಳಿ ಖಾಲಿ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ನನಗೆ ತಿಳಿಯಿತು. ಹೆರೆದ ಕತ್ತಿಗೆ ಒಂದು ಹೊಳಪು ಇರುತ್ತದೆ. ಇವಕ್ಕೆ ಇರಲಿಲ್ಲ.

ಡಬ್ಬಿ ಜೇಬಿಗೆ ಹಾಕಿಕೊಂಡೆ. ಆಸ್ಪತ್ರೆಯ ದಾರಿ ಎಡಕ್ಕೆ, ನನ್ನ ಶೆಡ್ಡು ಬಲಕ್ಕೆ. ಬಲಕ್ಕೆ ತಿರುಗಿಸಿದೆ. ಮೈಕ್ರೋಮೀಟರಿನಲ್ಲಿ ಅಳೆದೆ. ದಪ್ಪ. ಹತ್ತೊಂಬತ್ತೂ ದಪ್ಪ. ಅಳೆದು ಅಲ್ಲಿಗೇ ಬಿಟ್ಟಿದ್ದರೆ ಇವತ್ತು ಇಷ್ಟು ಬರೆಯಬೇಕಾಗಿರಲಿಲ್ಲ. ಕೈಗೆ ಅಂಟಿದ್ದ ಅವನ ರಕ್ತ ತೊಳೆದುಕೊಂಡೆ, ಒದ್ದೆ ಕೈಯಲ್ಲಿ ಹಿತ್ತಾಳೆ ಜಾರುತ್ತದಲ್ಲ, ಒರೆಸಿಕೊಂಡೆ, ಕೂತು ಹತ್ತೊಂಬತ್ತರ ಕತ್ತನ್ನೂ ಹೆರೆದೆ. ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದೆ. ಆಮೇಲೆ ಆಸ್ಪತ್ರೆಗೆ ಹೋಗಿ ನಡೀನಳ ಪಕ್ಕ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು.

ಬಾಯ್ಡ್ ಅಳೆದ ಮುತ್ತುಗಳು ಅವು.

ಆಗಸ್ಟ್ 7

ನಳಿಗೆಯ ಮೇಲೆ 25 ಹಾಗೆನ್ ಎಂದು ಕೊರೆದೆ. ಅಕ್ಷರ ನೇರವಾಗಿ ಬರಲಿಲ್ಲ.

ಆಗಸ್ಟ್ 13, ಶನಿವಾರ

ಹಳೆಯ ಟೈರಿಗೆ ರೈಫಲ್ ಕಟ್ಟಿ, ಕಲ್ಲಿನ ಗೋಡೆಯ ಮರೆಯಲ್ಲಿ ನಿಂತು ಹಗ್ಗ ಎಳೆದು ಹೊಡೆದೆ. ಹತ್ತು ಗುಂಡು. ಏನೂ ತೊಂದರೆಯಿಲ್ಲ. ಪ್ರತಿ ಕತ್ತನ್ನೂ ಮೂರು ಸಲ ಅಳೆದಿದ್ದೆ, ನಾಲ್ಕನೆಯ ಸಲ ಬೆಳಕಿಗೆ ಹಿಡಿದು ನೋಡಿದ್ದೆ. ಈ ಜಾಗ್ರತೆಯ ಹತ್ತನೇ ಒಂದು ಪಾಲು ಹೋದ ವರ್ಷ ಇದ್ದಿದ್ದರೆ ಎಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳುವುದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ. ಜಾಗ್ರತೆ ಇಲ್ಲದಿದ್ದದ್ದು ಒಂದು ಸಂಜೆ ಮಾತ್ರ. ಉಳಿದದ್ದನ್ನೆಲ್ಲ ಬಹಳ ಜಾಗ್ರತೆಯಿಂದಲೇ ಮಾಡಿದ್ದೇನೆ.

ಆಗಸ್ಟ್ 20, ಶನಿವಾರ

ಹೇಳಿದೆ. ಅರ್ಧ.

ಬೆಳಿಗ್ಗೆ ಮರ್ಲ್‌ನನ್ನು ಗುರಿ ಮೈದಾನಕ್ಕೆ ಕರೆದುಕೊಂಡು ಹೋದೆ. ಬೇರೆ ಯಾರೂ ಇರಲಿಲ್ಲ. ಅವನು ರೈಫಲ್ಲನ್ನು ಮೇಜಿನ ಮೇಲಿಟ್ಟು ತೋಟಾ ಕೈಗೆ ತೆಗೆದುಕೊಂಡ. ಗೂಡಿನವರೆಗೆ ಒಯ್ದ, ಹಿಂದಕ್ಕೆ ತಂದ, ಮತ್ತೆ ಒಯ್ದ. ಕೆಳಗಿಟ್ಟ.

“ಆಗಲ್ಲ ಲೈಲ್. ರೈಫಲ್ ಚೆನ್ನಾಗಿದೆ. ನಾನು ಸರಿ ಇಲ್ಲ. ಇದನ್ನ ಯಾರಾದ್ರೂ ಎಡಗೈ ಹುಡುಗನಿಗೆ ಕೊಡು. ನನ್ನಂಥ ಬೇಜವಾಬ್ದಾರಿ ಮನುಷ್ಯ ಬಂದೂಕು ಮುಟ್ಟಬಾರ್ದು.”

“ಮದ್ದು ಸರಿಯಾಗಿತ್ತು,” ಎಂದೆ.

“ಏನು?”

“ಅವತ್ತು ನೀನು ಹಾಕಿದ ಮದ್ದು ಸರಿಯಾಗೇ ಇತ್ತು ಮರ್ಲ್. ಗಾಳೀನೂ ಅಲ್ಲ, ತಕ್ಕಡೀನೂ ಅಲ್ಲ. ಹಿತ್ತಾಳೆ ಕತ್ತು ನಾನು ಹೆರೆದಿರಲಿಲ್ಲ. ಮರೆತೆ. ಅದಕ್ಕೇ ನಿಂಗೆ ಬಿಗಿ ಬಂದಿದ್ದು.”

ಅವನು ಬೆಂಚಿನ ಮೇಲೆ ಕೂತ. ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ.

“ಇನ್ನೊಂದ್ಸಲ ಹೇಳು.”

“ಹೆರೆದಿರಲಿಲ್ಲ.”

“ಅದಲ್ಲ. ಮದ್ದಿಂದು.”

“ಮದ್ದು ಸರಿಯಾಗಿತ್ತು.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅರವತ್ತಮೂರು ವರ್ಷದ ಗಂಡಸು, ಭುಜ ಕುಲುಕಿಸಿಕೊಂಡು ಅತ್ತ. ಆಮೇಲೆ ಬಂದು ನನ್ನನ್ನು ತಬ್ಬಿಕೊಂಡ! ತನ್ನ ಕಣ್ಣು ತೆಗೆದವನನ್ನೇ ತಬ್ಬಿಕೊಂಡು, “ಹೋಗ್ಲಿ ಬಿಡೋ, ಮರೆವು ಯಾರಿಗೆ ಬರಲ್ಲ,” ಎಂದ. ನಾನೇ ನನಗೆ ಜುಲೈ ಆರರಂದು ಬರೆದುಕೊಂಡ ಮಾತು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನ ಒಳಗಿನ ಮೇಷ್ಟ್ರು ಎದ್ದ. “ಅಲ್ಲ, ಉಳಿದಿದ್ದನ್ನ ಬಾಯ್ಡ್ ಅಳೆದಿದ್ನಲ್ಲ? ಎಲ್ಲ ತೆಳ್ಳಗೇ ಇತ್ತು ಅಂದ?”

“ಒಂದೇ ಒಂದು ತಪ್ಪಿಸ್ಕೊಂಡಿತ್ತು ಅಂತ ಕಾಣುತ್ತೆ.”

“ಯಾವಾಗ ಗೊತ್ತಾಯ್ತು ನಿಂಗೆ?”

“ಈಚೆಗೆ. ಹಳೇ ಪುಸ್ತಕ ನೋಡ್ತಿದ್ದೆ.”

ನಂಬಿದ. ನನ್ನನ್ನು ನಂಬುವುದು ಅವನಿಗೆ ರೂಢಿ. ಎಡ ಭುಜದಿಂದ ಐದು ಗುಂಡು ಹೊಡೆದ, ಐದೂ ಕಾಗದಕ್ಕೆ ಬಿದ್ದವು. ವಾಪಸ್ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ.

ಆಗಸ್ಟ್ 21

ಕ್ಷಮೆ ಸಿಕ್ಕಿದೆ. ಬೇರೆ ಯಾರೋ ಮಾಡಿದ ತಪ್ಪಿಗೆ ಸಿಕ್ಕಿದ ಹಾಗಿದೆ. ಒಂದನ್ನು ಮರೆತವನೊಬ್ಬ ಇದ್ದಾನೆ, ಒಳ್ಳೆಯ ಮನುಷ್ಯ, ಅವನನ್ನು ಮರ್ಲ್ ಕ್ಷಮಿಸಿದ. ಇಲ್ಲಿ ಕೂತಿರುವವನಿಗೂ ಅದಕ್ಕೂ ಸಂಬಂಧವಿಲ್ಲ.

ಆಗಸ್ಟ್ 30, ಮಂಗಳವಾರ

ಮರ್ಲ್ ಫೋನ್ ಮಾಡಿದ್ದ. ದನಿಯೇ ಬೇರೆಯಾಗಿತ್ತು.

“ತರಗತಿ ನಾನೇ ತಗೋತೀನಿ ಅಂತ ಬಾಯ್ಡ್‌ಗೆ ಹೇಳ್ದೆ. ಮುಖ ಇಷ್ಟುದ್ದ ಮಾಡ್ಕೊಂಡ. ಸೆಪ್ಟೆಂಬರ್ ಹತ್ತು, ಶನಿವಾರ, ಒಂಬತ್ತು ಗಂಟೆಗೆ. ನೀನು ಬರ್ಬೇಕು.”

“ನಾನ್ಯಾಕೆ?”

“ಹಿತ್ತಾಳೆ ವಿಷಯ ನೀನೇ ಹೇಳ್ಬೇಕು. ಮಕ್ಕಳ ಮುಂದೆ. ಹೋದ ಸಲ ಅವರ ಅಣ್ಣಂದಿರಿಗೆಲ್ಲ ಬಾಯ್ಡ್ ನನ್ನ ಹೆಸರು ಹೇಳಿ ನಗಿಸಿದಾನೆ. ನಿಂಗೆ ಅವಮಾನ ಮಾಡ್ಬೇಕು ಅಂತಲ್ಲ ಕಣೋ. ಒಂದೇ ಒಂದು ಮರೆತ್ರೆ ಏನಾಗುತ್ತೆ ಅನ್ನೋದು ಒಳ್ಳೇ ಪಾಠ.”

ಬರುತ್ತೇನೆ ಎಂದೆ. ಒಂದೇ ಒಂದು.

ಸೆಪ್ಟೆಂಬರ್ 10, ಶನಿವಾರ

ಅಗ್ನಿಶಾಮಕದ ಶೆಡ್ಡು. ಟ್ರಕ್ ಹೊರಗೆ ನಿಲ್ಲಿಸಿ ಮಡಚುವ ಕುರ್ಚಿ ಹಾಕಿದ್ದರು. ಹದಿನಾಲ್ಕು ಮಕ್ಕಳು, ಕೆಲವರ ತಂದೆತಾಯಿ, ಕಾಫಿ ಪಾತ್ರೆಯ ಪಕ್ಕದಲ್ಲಿ ಬಾಯ್ಡ್, ಹಿಂದಿನ ಸಾಲಿನಲ್ಲಿ ನಡೀನ್. ಮೇಜಿನ ಮೇಲೆ ಎಡಗೈ ರೈಫಲ್, ಬೋಲ್ಟ್ ತೆರೆದು ಇಟ್ಟಿತ್ತು. ಮರ್ಲ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಒಂದು ವರ್ಷದ ಮೇಲೆ ಅವನು ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದ.

ನಾನು ಎದ್ದು ಹೇಳಿದೆ. ಕತ್ತು ಎಂದರೇನು, ಯಾಕೆ ಹೆರೆಯಬೇಕು, ಒಂದನ್ನು ಮರೆತೆ, ಮರ್ಲ್‌ನ ಕಣ್ಣು ಹೋಯಿತು, ಅವನ ತಪ್ಪೇನೂ ಇಲ್ಲ, ನನಗೆ ಈಚೆಗೆ ತಿಳಿಯಿತು. ಚೆನ್ನಾಗಿಯೇ ಹೇಳಿದೆ. ಒಬ್ಬ ತಂದೆ ತಲೆದೂಗಿದ. ಬಾಯ್ಡ್ ಕೂಡ ಬಂದು ಬೆನ್ನು ತಟ್ಟುವವನ ಹಾಗೆ ಕಂಡ. ಕೂರಬೇಕು, ಆಗ ಹಿಂದಿನ ಸಾಲಿನಲ್ಲಿ ನಡೀನ್ ಎದ್ದು ನಿಂತಳು.

“ಲೈಲ್, ನಂಗೆ ಬಂದೂಕಿನ ವಿಷಯ ಗೊತ್ತಿಲ್ಲ. ಗಡಿಯಾರ ನೋಡೋಕೆ ಬರುತ್ತೆ. ಆಂಬುಲೆನ್ಸ್ ಒಂದೂವರೆಗೆ ಹೊರಡ್ತು. ಆಸ್ಪತ್ರೆಗೆ ಅರ್ಧ ಗಂಟೆ ದಾರಿ. ಹಿಂದೇನೇ ಬರ್ತೀನಿ ಅಂದೆ ನೀನು. ಬಂದಾಗ ನಾಲ್ಕು ಹೊಡೆದಿತ್ತು. ನಾನು ಬಾಗಿಲನ್ನೇ ನೋಡ್ತಾ ಕೂತಿದ್ದೆ, ಅದಕ್ಕೇ ಗೊತ್ತು. ಮರ್ಲ್ ಮನೆಗೆ ಬಂದು ಈ ವಿಷಯ ಹೇಳಿದಾಗಿನಿಂದ ಯೋಚನೆ ಮಾಡ್ತಿದೀನಿ. ಮಧ್ಯೆ ಎಲ್ಲಿದ್ದೆ?”

ಟೈರ್ ಪಂಕ್ಚರ್ ಆಗಿತ್ತು ಎನ್ನಬಹುದಿತ್ತು. ಮೈದಾನದ ಗೇಟು ಹಾಕಲು ಯಾರೂ ಇರಲಿಲ್ಲ ಎನ್ನಬಹುದಿತ್ತು. ಇನ್ನೂ ಎರಡು ಮೂರು ಹೊಳೆದವು, ಎಲ್ಲವೂ ಒಳ್ಳೆಯವೇ. ಮರ್ಲ್ ಇಡೀ ತಲೆಯನ್ನು ತಿರುಗಿಸಿ ಎಡಗಣ್ಣನ್ನು ನನ್ನ ಮೇಲಿಟ್ಟಿದ್ದ. ಆ ಕಣ್ಣಿನಲ್ಲಿ ಅನುಮಾನ ಇರಲಿಲ್ಲ. ನಾನು ಏನು ಹೇಳಿದರೂ ಅವನು ಒಪ್ಪಿಕೊಳ್ಳಲು ಸಿದ್ಧನಿದ್ದ.

“ನನ್ನ ಶೆಡ್ಡಲ್ಲಿದ್ದೆ,” ಎಂದೆ. “ಒಂದಲ್ಲ, ಇಪ್ಪತ್ತನ್ನೂ ಹೆರೆದಿರಲಿಲ್ಲ. ಅವತ್ತೇ ಗೊತ್ತಾಯ್ತು. ಉಳಿದಿದ್ದ ಹತ್ತೊಂಬತ್ತನ್ನ ಕೂತು ಹೆರೆದೆ. ಯಾರಿಗೂ ಗೊತ್ತಾಗಬಾರ್ದು ಅಂತ. ಆಮೇಲೆ ನಿನ್ ಹತ್ರ ಬಂದೆ.”

ಯಾರೋ ಕುರ್ಚಿ ಸರಿಸಿದರು. ನಡೀನ್ ಅವತ್ತು ನನ್ನ ಕೈ ಹಿಡಿದಿದ್ದ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು, ಕೋಟಿನ ಜೇಬಿಗೆ ಹಾಕಿಕೊಂಡಳು, ಬಾಗಿಲು ತೆಗೆದುಕೊಂಡು ಹೊರಗೆ ಹೋದಳು. ನಾನು ಕೂರಲು ಹೋದೆ.

“ನಿಂತಿರು,” ಎಂದ ಮರ್ಲ್. ದನಿ ಏರಲಿಲ್ಲ. ಮಕ್ಕಳ ಕಡೆ ತಿರುಗಿದ. “ಇವರನ್ನ ಏನಾದ್ರೂ ಕೇಳೋದಿದ್ರೆ ಕೇಳಿ. ನಾಚ್ಕೋಬೇಡಿ.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಹತ್ತೊಂಬತ್ತು ಹೆರೆಯೋಕೆ ಎಷ್ಟು ಹೊತ್ತು ಬೇಕು?”

“ಒಂದು ಗಂಟೆ ಮೇಲೆ ಆಯ್ತು.”

“ಆಗ ಏನು ಯೋಚನೆ ಮಾಡ್ತಿದ್ರಿ?”

“ಎಲ್ಲ ಒಂದೇ ಸಮ ಬರ್ಲಿ ಅಂತ.”

ಅವಳು ಅದನ್ನು ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಇನ್ನೊಬ್ಬ ಕೇಳಿದ, ಮರ್ಲ್ ಅವರಿಗೆ ಯಾಕೆ ಹೇಳಲಿಲ್ಲ ಎಂದು. ಹೆದರಿದೆ ಎಂದೆ. ಯಾರಿಗೆ ಎಂದ. ಇಲ್ಲಿರುವ ಎಲ್ಲರಿಗೂ ಎಂದೆ. ಅವರು ನಿಮ್ಮ ಸ್ನೇಹಿತರಾ ಎಂದು ಮತ್ತೊಬ್ಬ ಕೇಳಿದ. ನಾನು ಮರ್ಲ್‌ನ ಮುಖ ನೋಡಿದೆ. ಅವನು ನನ್ನ ಪರವಾಗಿ ಉತ್ತರ ಕೊಡಲಿಲ್ಲ. ನಾನು ಅವರ ಸ್ನೇಹಿತನಾಗಿರಲಿಲ್ಲ ಎಂದೆ.

ನಲವತ್ತು ನಿಮಿಷ ಕೇಳಿದರು. ಒಂದಕ್ಕೂ ಸುಳ್ಳು ಹೇಳಲಿಲ್ಲ. ಕೊನೆಗೆ ಪ್ರಶ್ನೆಗಳು ಮುಗಿದವು. ಮರ್ಲ್ ಪುಸ್ತಕ ತೆರೆದು ಮುಂದಿನ ಪಾಠ ಶುರು ಮಾಡಿದ. ಬಿಗಿ ಬಂದರೆ ನಿಲ್ಲಿಸಬೇಕು, ಬಂದೂಕು ಯಾರು ಮಾಡಿದ್ದೇ ಆಗಿರಲಿ, ಎಂದು ಹೇಳಿಕೊಟ್ಟ. ಹನ್ನೆರಡು ಗಂಟೆಯವರೆಗೆ ಪಾಠ ಮಾಡಿದ, ಬಹಳ ಚೆನ್ನಾಗಿ ಮಾಡಿದ. ನನಗೆ ಕೂರು ಎಂದು ಹೇಳಲಿಲ್ಲ.